ಮೇಲಿನ ಹನ್ನೆರಡು ಮನೆ

ಸೊಸೆಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅತ್ತೆಯ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. "ಅಂಕಿಗಳಿಗೆ ಅಕ್ಷರ ಕಲಿಸ್ತಾಳೆ ನಮ್ಮ ಹುಡುಗಿ" ಎಂದು ಹೇಳಿ, ಕೇಳಿದವರಿಗಿಂತ ಮೊದಲು ತಾವೇ ನಗುತ್ತಿದ್ದರು. ನಗಲಿ ಬಿಡಿ. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅವಳ ಆಫೀಸಿನಲ್ಲಿ ತೂಕದ ಯಂತ್ರ, ಜ್ವರ ಅಳೆಯುವ ಕಡ್ಡಿ, ನೀರಿನ ಮೀಟರು ಇಂಥವುಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದರು. ಯಂತ್ರದ ಹೊಟ್ಟೆಯೊಳಗಿನ ಸಂಖ್ಯೆಯನ್ನು ಮನುಷ್ಯರು ಓದುವಂಥ ಅಕ್ಷರಗಳ ಸಾಲಾಗಿ ಬದಲಿಸಿ ಕೊಡುವುದು ಅವಳ ಪಾಲಿಗೆ ಬಂದ ಕೆಲಸ.

ಕೇಳಿದರೆ ಇದರಲ್ಲೇನು ಮಹಾ ಅನ್ನಿಸುತ್ತದೆ. ಅನ್ನಿಸಿದವರು ಒಂದು ದಿನ ಕೂತು ಮಾಡಿ ನೋಡಬೇಕು! ಯಂತ್ರಕ್ಕೆ ಅರ್ಧ ಮಾಡುವುದೊಂದೇ ಗೊತ್ತು. ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ. ಹತ್ತರಲ್ಲಿ ಒಂದು ಪಾಲು ಕೊಡು ಎಂದರೆ ಆ ಅರ್ಧಗಳನ್ನೇ ಕೂಡಿಸಿ ಕೂಡಿಸಿ ತೀರಾ ಹತ್ತಿರಕ್ಕೆ ಬರುತ್ತದೆ, ಸರಿಯಾಗಿ ಅಲ್ಲಿಗೇ ಬರುವುದಿಲ್ಲ. ಹಾಗಾಗಿ ಸೊನ್ನೆ ಪಾಯಿಂಟ್ ಒಂದಕ್ಕೆ ಸೊನ್ನೆ ಪಾಯಿಂಟ್ ಎರಡು ಕೂಡಿಸಿ, ಬಂದದ್ದನ್ನು ಪೂರ್ತಿ ಬರೆ ಎಂದು ಹೇಳಿದರೆ, ಮೂರರ ಹಿಂದೆ ಸೊನ್ನೆಗಳು ಸಾಲುಗಟ್ಟಿ ಹೊರಟು ಕಟ್ಟಕಡೆಗೆ ಒಂದು ನಾಲ್ಕು ಬಾಲ ಅಲ್ಲಾಡಿಸುತ್ತದೆ. ಎಷ್ಟು ಅಂಕಿ ಬರೆಯಬೇಕು, ಎಲ್ಲಿ ಕತ್ತರಿಸಬೇಕು ಎಂಬುದರ ಮೇಲೆ ಅವಳ ಆಫೀಸಿನಲ್ಲಿ ಟೀ ಆರಿ ತಣ್ಣಗಾಗುವಷ್ಟು ಹೊತ್ತು ಜಗಳ ನಡೆಯುತ್ತಿತ್ತು. ಅವಳ ಮೇಲಿನವರದು ಒಂದೇ ಹಠ. ಬರೆದದ್ದನ್ನು ಯಂತ್ರ ಮತ್ತೆ ಓದಿದರೆ ಮೊದಲಿನ ಸಂಖ್ಯೆಯೇ ಸಿಗಬೇಕು, ಕೂದಲೆಳೆಯಷ್ಟೂ ಕಳೆದುಹೋಗಬಾರದು. ಆರು ವರ್ಷ ಅವರ ಕೈಕೆಳಗೆ ಪಳಗಿದ ಅವಳಿಗೂ ಅದೇ ರಕ್ತಕ್ಕಿಳಿದಿತ್ತು.

ಇನ್ನು ಮಾವ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಕಸುಬು, ಪಿಯಾನೊಗಳಿಗೆ ಶ್ರುತಿ ಕೂಡಿಸುವುದು. ಊರಿನ ಶಾಲೆಗಳ, ಮನೆಗಳ ಪಿಯಾನೊಗಳ ಜೊತೆಗೆ ದೊಡ್ಡ ಸಭಾಭವನದ ಪಿಯಾನೊ ಕೂಡ ಮೂವತ್ತೆಂಟು ವರ್ಷದಿಂದ ಅವರ ಕೈಯಲ್ಲೇ ಇತ್ತು. ಒಂದು ಪಿಯಾನೊದಲ್ಲಿ ಬೆರಳಿಂದ ಒತ್ತುವ ಪಟ್ಟಿಗಳು, ಅವರ ಮಾತಿನಲ್ಲಿ ಮನೆಗಳು, ಬಿಳಿ ಕಪ್ಪು ಸೇರಿ ಎಂಬತ್ತೆಂಟು. ಬಲಗಡೆಯ ಮನೆಗಳಲ್ಲಿ ಒಂದೊಂದಕ್ಕೂ ಮೂರು ಮೂರು ತಂತಿ, ಒಂದೊಂದು ತಂತಿಗೂ ಒಂದು ಬಿರಡೆ. ಆ ಬಿರಡೆಯನ್ನು ಸ್ಪ್ಯಾನರಿನಿಂದ ಹಿಡಿದು ಉಸಿರಷ್ಟು ಏರಿಸಿ, ಉಸಿರಷ್ಟು ಇಳಿಸಿ ಮಾವ ಮುಂದಕ್ಕೆ ಹೋಗುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೂ ಒಂದು ಹಳೇ ಪಿಯಾನೊ ಹೊಟ್ಟೆ ತೆರೆದುಕೊಂಡು ನಿಂತಿತ್ತು. ಅದರ ಮೇಲೆ ಮಡಿಸಿದ ಬಟ್ಟೆ ಇಡಬೇಡ ಎಂದು ಮಾವ, ಇನ್ನೆಲ್ಲಿ ನನ್ನ ತಲೆ ಮೇಲೆ ಇಟ್ಕೊಳ್ಳಲಾ ಎಂದು ಅತ್ತೆ, ಇದು ನಿತ್ಯದ ಮಾತು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ತರಕಾರಿಗೆ ಹೋಗಿದ್ದರು. ಗಂಡ ಬಸ್ಸಿನ ಡ್ರೈವರು, ಅವನಿಗೆ ಭಾನುವಾರವೂ ಪಾಳಿ. ಸೊಸೆ ಕಿಟಕಿಯ ಗಾಜು ಒರೆಸುತ್ತಿದ್ದಳು. ಮಾವ ಪಿಯಾನೊದ ಬಲಗಡೆಯ ಕೊನೆಯ ಮನೆಯನ್ನು ಒತ್ತಿದರು. ಮತ್ತೆ ಒತ್ತಿದರು. ಹತ್ತು ಸಲ, ಹದಿನೈದು ಸಲ.

"ಮಾವ, ಅದು ಚೆನ್ನಾಗೇ ಕೇಳಿಸ್ತಿದೆಯಲ್ಲ" ಎಂದಳು, ತಲೆ ಚಿಟ್ಟು ಹಿಡಿದು.

"ನಿನಗೆ ಕೇಳಿಸ್ತಾ?" ಎಂದರು ಮಾವ.

"ಕೇಳಿಸದೆ ಏನು?"

"ನನಗೆ ಕೇಳಿಸೋದಿಲ್ಲ ಕಣಮ್ಮಾ."

ಅವಳ ಕೈಯ ಬಟ್ಟೆ ಗಾಜಿನ ಮೇಲೆ ನಿಂತಲ್ಲೇ ನಿಂತಿತು. ಮಾವ ಮುಖ ಇತ್ತ ತಿರುಗಿಸದೆ, ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿಕೊಂಡು ಹೋದರು. ಎರಡು ವರ್ಷದ ಹಿಂದೆ ಮೇಲಿನ ಮೂರು ನಾಲ್ಕು ಮನೆ ಮಂಕಾದವು. ಆಮೇಲೆ ಇನ್ನೂ ನಾಲ್ಕು. ಈಗ ಕೊನೆಯ ಹನ್ನೆರಡು ಮನೆಗಳಲ್ಲಿ ಮರಕ್ಕೆ ಮರ ಬಡಿದ ಟಕ್ ಟಕ್ ಬಿಟ್ಟರೆ ಸ್ವರವೇ ಇಲ್ಲ. ಉಳಿದದ್ದೆಲ್ಲ ಮೊದಲಿನ ಹಾಗೇ ಸ್ಪಷ್ಟ. ಇಷ್ಟು ದಿನ ಕೈಯ ಅಂದಾಜಿನಲ್ಲಿ ಹೇಗೋ ನೂಕಿದ್ದರು. ಭವನದಲ್ಲಿ ಪಿಯಾನೊ ಜೊತೆ ಹಾಡುವ ಗುಂಪಿನವರು ಅಷ್ಟು ಮೇಲಕ್ಕೆ ಹೋಗುವುದಿಲ್ಲ, ಹಾಗಾಗಿ ಮರ್ಯಾದೆ ಉಳಿದಿತ್ತು.

"ನಿಮ್ಮತ್ತೆಗೆ ಹೇಳಿದ್ರೆ ಬೀದಿಗೆಲ್ಲ ಹೇಳಿದ ಹಾಗೆ. ನಿನ್ನ ಗಂಡನಿಗೆ ಹೇಳಿದ್ರೆ ನಾಳೇನೇ ಸ್ಪ್ಯಾನರ್ ಕಿತ್ಕೊಂಡು ಮನೇಲಿ ಕೂರಿಸ್ತಾನೆ. ಕಣ್ಣು ಇಲ್ಲದ್ದು ನನಗೆ ಯಾವತ್ತೂ ದೊಡ್ಡದು ಅನ್ನಿಸ್ಲಿಲ್ಲ. ಆದ್ರೆ ಈ ಕೆಲಸ ಹೋದ್ರೆ ನಾನು ಯಾರು ಹೇಳು? ಸೋಫಾ ಮೇಲಿನ ದಿಂಬು."

ಅವಳು ಬಟ್ಟೆ ಕೆಳಗಿಟ್ಟು ಮಾವನ ಪಕ್ಕಕ್ಕೆ ಬಂದಳು. ಅಳಲಿಲ್ಲ. ಅಳುವವಳಲ್ಲ ಎಂದೇ ಅಲ್ಲವೇ ಮಾವ ಅವಳಿಗೆ ಈ ಗುಟ್ಟು ಹೇಳಿದ್ದು. "ಮೊಬೈಲಿಗೆ ಕಿವಿ ಇದೆ ಮಾವ, ಎಷ್ಟು ಮೇಲಿನದಾದ್ರೂ ಅದಕ್ಕೆ ಕೇಳಿಸತ್ತೆ. ಬಾಯಿ ನಾನು ಕೊಡ್ತೀನಿ" ಎಂದಳು.

ಮೂರು ಸಂಜೆಯಲ್ಲಿ ಪ್ರೋಗ್ರಾಂ ಸಿದ್ಧವಾಯಿತು. ತಂತಿ ನುಡಿದರೆ ಮೊಬೈಲು ಕೇಳಿಸಿಕೊಂಡು, ಇರಬೇಕಾದ ಸ್ವರಕ್ಕೂ ಇರುವ ಸ್ವರಕ್ಕೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕುತ್ತದೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ದೂರವನ್ನು ನೂರು ಪಾಲು ಮಾಡಿ, ಇಷ್ಟು ಪಾಲು ಹೆಚ್ಚು, ಇಷ್ಟು ಪಾಲು ಕಡಿಮೆ ಎಂದು ಅಕ್ಷರದಲ್ಲಿ ಬರೆದುಕೊಳ್ಳುತ್ತದೆ. ಬರೆದದ್ದನ್ನು ಒಂದು ಹೆಣ್ಣುದನಿ ಮಾವನ ಕಿವಿಯ ಇಯರ್‌ಫೋನಿನಲ್ಲಿ ಓದಿ ಹೇಳುತ್ತದೆ. ಹೆಚ್ಚಾದರೆ ಬರೀ ಸಂಖ್ಯೆ, ಕಡಿಮೆಯಾದರೆ ಮುಂದೆ ಒಂದು ಮೈನಸ್. ಮಾವ ಆ ದನಿಗೆ ಕೂಡಲೇ ಹೆಸರಿಟ್ಟರು, ಲೆಕ್ಕದಕ್ಕ.

ಲೆಕ್ಕದಕ್ಕನ ಮೊದಲ ದಿನದ ಪ್ರತಾಪ ಏನು ಹೇಳೋಣ! ಮಾವ ತಂತಿ ಮೀಟಿದರು. ಅಕ್ಕ ಶುರು ಮಾಡಿದಳು. "ಎರಡು ಪಾಯಿಂಟ್ ನಾಲ್ಕು ಸೊನ್ನೆ ಏಳು ಒಂದು ಒಂಬತ್ತು ಎಂಟು ಎಂಟು ಮೂರು..." ಮಾವ ತಲೆ ಬಗ್ಗಿಸಿ, ಸ್ಪ್ಯಾನರ್ ಎತ್ತಿ ಹಿಡಿದು, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕಬಾರದೆಂಬಂತೆ ಹದಿನೇಳು ಅಂಕಿಯನ್ನೂ ಕೇಳಿಸಿಕೊಂಡರು. ಆ ಹೊತ್ತಿಗೆ ತಂತಿಯ ನಾದ ಆರಿ ಎಷ್ಟೋ ಹೊತ್ತಾಗಿತ್ತು. ಮತ್ತೆ ಮೀಟಿದರು, ಮತ್ತೆ ಹದಿನೇಳು. ಒಂದು ತಂತಿ ಮುಗಿಯುವಷ್ಟರಲ್ಲಿ ಅತ್ತೆ ಎರಡು ಸಲ ಊಟಕ್ಕೆ ಕರೆದರು. ಅತ್ತೆಗೆ ಹೇಳಿದ್ದು, ಸೊಸೆಯ ಆಫೀಸಿನದೇನೋ ಪರೀಕ್ಷೆ ನಡೀತಿದೆ ಅಂತ.

"ಎಷ್ಟು ಅಂಕಿ ಕಣಮ್ಮಾ ಇದು?" ಎಂದರು ಮಾವ ಬೆವರು ಒರೆಸಿಕೊಂಡು.

"ಅಷ್ಟೂ ಹೇಳಿದ್ರೇನೇ ಸಂಖ್ಯೆ ಪೂರ್ತಿ ಮಾವ. ಒಂದು ಬಿಟ್ರೂ ಬೇರೆ ಸಂಖ್ಯೆ ಆಗಿಬಿಡಬಹುದು."

"ಓಹೋ" ಎಂದರು ಮಾವ. ಮನೆಗೆ ಬಂದ ನೆಂಟರ ಹಾಗೆ ಆ ಅಂಕಿಗಳಿಗೆ ಮರ್ಯಾದೆ ಕೊಟ್ಟರು ಪಾಪ.

ಎರಡನೇ ದಿನ ಇನ್ನೊಂದು ಎಡವಟ್ಟು. ಬೇಸತ್ತ ಮಾವ ಈಗ ಮೊದಲ ಅಂಕಿ ಕಿವಿಗೆ ಬಿದ್ದೊಡನೆ ಕೈ ಆಡಿಸತೊಡಗಿದ್ದರು. ಒಂದು ತಂತಿ ಅವರ ಅದೃಷ್ಟಕ್ಕೆ ಹೆಚ್ಚುಕಡಿಮೆ ಇಲ್ಲದೆ ಸರಿಯಾಗಿ ಕೂತಿತ್ತು. ಇದ್ದ ವ್ಯತ್ಯಾಸ ಒಂದು ಪಾಲಿನ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಅಷ್ಟು ಸಣ್ಣದನ್ನು ಯಂತ್ರ ತನ್ನದೇ ಚುಟುಕು ರೀತಿಯಲ್ಲಿ ಬರೆಯುತ್ತದೆ. ಮುಂದೆ ಎಂಟು, ಅದಕ್ಕೊಂದಿಷ್ಟು ಬಾಲ, ಎಲ್ಲಕ್ಕಿಂತ ಕೊನೆಗೆ ಇದನ್ನು ಐದು ಸಲ ಹತ್ತರಿಂದ ಭಾಗಿಸಿಕೋ ಎಂಬ ಗುರುತು. ಅಕ್ಕ "ಎಂಟು..." ಎಂದಳು. ಮಾವ ಎಂಟು ಪಾಲು ಇಳಿಸಿಯೇಬಿಟ್ಟರು. ಮತ್ತೆ ಮೀಟಿದರೆ "ಮೈನಸ್ ಎಂಟು..." ಎಂದಳು.

"ಮೊದಲು ಎಂಟು ಹೆಚ್ಚು ಅಂದ್ಲು, ಇಳಿಸಿದೆ. ಈಗ ಎಂಟು ಕಡಿಮೆ ಅಂತಾಳೆ! ಇವಳಿಗೆ ನಿಮ್ಮತ್ತೆ ಏನಾದ್ರೂ ಹೇಳಿಕೊಟ್ಟಿದ್ದಾಳಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ಆಮೇಲೆ ನಾಚಿಕೆಯೂ ಆಯಿತು. ಆರು ವರ್ಷ ಅಂಕಿ ಕಳೆಯದಂತೆ ಕಾಯ್ದವಳು, ಕೇಳುವವರ ಕೈಗೆ ಅದರಿಂದ ಏನು ಉಪಯೋಗ ಎಂದು ಒಂದು ಸಲವೂ ಯೋಚಿಸಿರಲಿಲ್ಲ. "ಮಾವ, ನಿಮ್ಮ ಕೈಗೆ ಎಷ್ಟು ಸಣ್ಣದು ಸಾಧ್ಯ?" ಎಂದು ಕೇಳಿದಳು. ಮಾವ ಸ್ವಲ್ಪ ಹೊತ್ತು ಬಿರಡೆಯ ಮೇಲೆ ಬೆರಳಾಡಿಸಿ, "ಮೇಲಿನ ತಂತಿಗಳಲ್ಲಿ ಒಂದು ಪಾಲು. ನನ್ನ ಗುರುಗಳು ಎದ್ದು ಬಂದ್ರೂ ಅಷ್ಟೇ" ಎಂದರು. ಅವಳು ಪಾಯಿಂಟಿನ ಹಿಂದಿನದನ್ನೆಲ್ಲ ಒಂದೇ ಏಟಿಗೆ ಕತ್ತರಿಸಿದಳು. ಸಂಖ್ಯೆಯನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ಹೇಳು, ಮುಗಿಯಿತು.

ಆಗ ಹುಟ್ಟಿದ್ದು ಮೈನಸ್ ಸೊನ್ನೆ. ತಂತಿ ಅರ್ಧ ಪಾಲಿಗಿಂತಲೂ ಕಡಿಮೆ ಇಳಿದಿದ್ದರೆ ಸಂಖ್ಯೆ ಸೊನ್ನೆಯಾಗುತ್ತದೆ, ಆದರೆ ಮುಂದಿನ ಗುರುತು ಅಂಟಿಕೊಂಡೇ ಉಳಿಯುತ್ತದೆ. ಆಫೀಸಿನಲ್ಲಿ ಇದು ಮಹಾ ಅವಮಾನದ ವಿಷಯ. ತೂಕದ ಯಂತ್ರದ ಮೇಲೆ ಮೈನಸ್ ಸೊನ್ನೆ ಕಂಡರೆ ಅಂಗಡಿಯವನು ಫೋನ್ ಮಾಡಿ ನಗುತ್ತಾನೆ. ಅವಳು ಮಾವನಿಗೆ ಹೇಳದೆಯೇ ಆ ಮೈನಸ್ಸನ್ನು ಒರೆಸಿ ಹಾಕಿದಳು. ಮಾರನೇ ದಿನ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು.

"ನನ್ನ ಮೈನಸ್ ಸೊನ್ನೆ ಎಲ್ಲಿ?"

"ಅದು ತಪ್ಪು ಮಾವ. ಸೊನ್ನೆಗೆ ಮೈನಸ್ ಇರತ್ತಾ? ತೆಗೆದೆ."

"ಯಾರನ್ನ ಕೇಳಿ ತೆಗೆದೆ? ಇಷ್ಟು ದಿನದಲ್ಲಿ ನಿನ್ನ ಅಕ್ಕ ಹೇಳಿದ ಕೆಲಸಕ್ಕೆ ಬರೋ ಮಾತು ಅಂದ್ರೆ ಅದೊಂದೇ!" ಮಾವ ಅವಳ ಕೈ ಹಿಡಿದು ಪಿಯಾನೊದ ಹತ್ತಿರ ಎಳೆದುಕೊಂಡೇ ಹೋದರು. "ನೋಡು, ತಂತೀನ ಕೆಳಗಿಂದ ಏರಿಸಿ ಹಾಗೇ ಬಿಟ್ರೆ ಅದು ನಾಲ್ಕು ಸಲ ಬಾರಿಸೋದ್ರಲ್ಲಿ ಮತ್ತೆ ಕುಸಿಯತ್ತೆ. ಚೂರು ಮೇಲಕ್ಕೆ ಹೋಗಿ ಅಲ್ಲಿಂದ ಇಳಿದು ಕೂತ್ರೆ ಕುಸಿಯಲ್ಲ. ಸೊನ್ನೆ ಅಂದ್ರೆ ಕೂತಿದೆ ಅಂತ, ಬಿಟ್ಟು ಮುಂದಕ್ಕೆ ಹೋಗ್ತೀನಿ. ಮೈನಸ್ ಸೊನ್ನೆ ಅಂದ್ರೆ ಕೂತ ಹಾಗೆ ನಾಟಕ ಆಡ್ತಿದೆ ಅಂತ, ಇನ್ನೊಂದು ಸಲ ಏರಿಸಿ ಇಳಿಸ್ತೀನಿ. ನೀನು ಅದನ್ನೇ ತೆಗೆದುಬಿಟ್ರೆ ನಾನೇನು ಮಾಡ್ಲಿ?"

ಅವಳು ಆ ಕ್ಷಣವೇ ಮೈನಸ್ಸನ್ನು ತಿರುಗಿ ಹಾಕಿಕೊಟ್ಟಳು. ಅವಳ ಮೇಲಿನವರು ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಚಚ್ಚಿಕೊಳ್ಳಲಿ, ಅವರು ಬಿರಡೆ ತಿರುಗಿಸಿದವರಲ್ಲ.

ಅಲ್ಲಿಂದ ಮೂರು ತಿಂಗಳು ಮಾವ ಹುಡುಗರಂತೆ ಓಡಾಡಿದರು. ಶಾಲೆಯ ಪಿಯಾನೊ, ಹಲ್ಲಿನ ಡಾಕ್ಟರ ಮನೆಯ ಪಿಯಾನೊ, ಎಲ್ಲ ಕಡೆ ಕೆಳಗಿನ ಎಪ್ಪತ್ತಾರು ಮನೆ ತಮ್ಮ ಕಿವಿಯಿಂದ, ಮೇಲಿನ ಹನ್ನೆರಡು ಲೆಕ್ಕದಕ್ಕನಿಂದ. ಇಯರ್‌ಫೋನ್ ಯಾಕೆ ಎಂದು ಕೇಳಿದವರಿಗೆ ವಾರ್ತೆ ಕೇಳ್ತಿದ್ದೀನಿ ಎನ್ನುತ್ತಿದ್ದರು. ಎಲ್ಲ ಸುಸೂತ್ರವಾಗಿತ್ತು, ಭವನಕ್ಕೆ ಹೊರಗಿನ ಊರಿನ ಪಿಯಾನೊ ವಾದಕಿಯೊಬ್ಬರು ಬರುವವರೆಗೆ.

ಕಾರ್ಯಕ್ರಮ ಸಂಜೆ ಆರೂವರೆಗೆ. ಮಾವ ಬೆಳಿಗ್ಗೆಯೇ ಹೋಗಿ ಕೆಲಸ ಮುಗಿಸಿದ್ದರು. ವಾದಕಿ ಮೂರು ಗಂಟೆಗೆ ಬಂದು ಬಾರಿಸಿ ನೋಡುವವರಿದ್ದರು, ಆಗ ಶ್ರುತಿ ಮಾಡಿದವರು ಎದುರಿಗಿರಬೇಕು. ಸೊಸೆ ಅರ್ಧ ದಿನ ರಜೆ ಹಾಕಿ ಮಾವನ ಜೊತೆ ಹೋದಳು. ಭವನದ ಮೇಲ್ವಿಚಾರಕನನ್ನು ಎಲ್ಲರೂ ಬೀಗ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಕೀಲಿಕೈಗಳ ಗೊಂಚಲು, ಮುಖದಲ್ಲಿ ಸದಾ ಅವಸರ. ಖಾಲಿ ಕುರ್ಚಿಗಳ ಸಾಲಿನ ನಡುವೆ ಝಣಝಣ ಎನ್ನಿಸುತ್ತ ಓಡಾಡುತ್ತಿದ್ದ ಆತ, "ಇವತ್ತು ಮರ್ಯಾದೆ ಪ್ರಶ್ನೆ ಕಣ್ರೀ, ಟಿಕೆಟ್ ಎಲ್ಲ ಖಾಲಿ" ಎಂದು ಮೂರು ಸಲ ಹೇಳಿದ.

ವಾದಕಿ ಐವತ್ತರ ಆಸುಪಾಸಿನ ಹೆಂಗಸು. ಬೂದು ಸ್ವೆಟರು, ಮೋಟು ಉಗುರು. ಬಂದವರೇ ಕೈ ಉಜ್ಜಿಕೊಂಡು ಕೂತು ಕೆಳಗಿನಿಂದ ಬಾರಿಸುತ್ತ ಬಂದರು. ನಡುವಿಗೆ ಬಂದಾಗ ಅವರ ಮುಖ ಅರಳಿತು. "ಅಬ್ಬಾ, ಎಷ್ಟು ಹಿತವಾಗಿದೆ" ಎಂದರು. ಸೊಸೆ ಉಬ್ಬಿಹೋದಳು. ಬಲಗೈ ಮೇಲೆ ಮೇಲೆ ಹೋಗಿ ಕೊನೆಯ ಹನ್ನೆರಡಕ್ಕೆ ಬಂದಾಗ ಆಕೆ ನಿಲ್ಲಿಸಿದರು. ಮತ್ತೆ ಬಾರಿಸಿದರು, ಹುಬ್ಬು ಗಂಟಾಯಿತು.

"ಮೇಲಿನವು ಯಾಕೋ ಮಲಗಿಬಿಟ್ಟಿವೆ" ಎಂದರು. "ಕೆಳಗಿನದರ ಜೊತೆ ಸೇರ್ತಾ ಇಲ್ಲ. ಇಳಿದಿವೆ."

ಸೊಸೆ ಮಾವನ ಕಡೆ ನೋಡಿದಳು. ಅಷ್ಟೂ ತಂತಿಗಳು ಸೊನ್ನೆಗೇ ಕೂತಿವೆ, ಒಂದೂ ಮೈನಸ್ ಇಲ್ಲ ಎಂದು ಬೆಳಿಗ್ಗೆ ಮಾವ ಅವಳಿಗೆ ಫೋನಿನಲ್ಲಿ ಹೇಳಿದ್ದರು. ಬೀಗ ಮಾವನ ಕಡೆ ತಿರುಗಿ, "ಏನ್ರೀ ಇದು? ಮೂವತ್ತೆಂಟು ವರ್ಷದಲ್ಲಿ ಒಂದು ದೂರು ಕೇಳಿಲ್ಲ ನಾನು!" ಎಂದ.

ಮಾವನಿಗೆ ಹೇಳುವುದಕ್ಕೆ ಎಷ್ಟೋ ಇತ್ತು. ಹೊಸ ತಂತಿ ಅನ್ನಬಹುದಿತ್ತು, ಭವನದ ತೇವ ಅನ್ನಬಹುದಿತ್ತು, ಬೀಗ ನಂಬುತ್ತಿದ್ದ. ಕಿವಿಯಿಂದ ಇಯರ್‌ಫೋನ್ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಮೇಲಿನ ಹನ್ನೆರಡು ಮನೆ ನನಗೆ ಕೇಳಿಸೋದಿಲ್ಲ" ಎಂದರು. "ಎರಡು ವರ್ಷದಿಂದ ಒಂದೊಂದಾಗಿ ಹೋದ್ವು. ಅವನ್ನ ಈ ಯಂತ್ರ ಹೇಳಿದ ಹಾಗೆ ಕೂಡಿಸಿದ್ದೀನಿ. ಯಂತ್ರ ನನ್ನ ಸೊಸೇದು. ಆದ್ರೆ ಬಚ್ಚಿಟ್ಟಿದ್ದು ನಾನು, ಅವಳಲ್ಲ."

ಕೀಲಿಕೈಗಳ ಸದ್ದು ನಿಂತಿತು. "ಕಿವಿ ಕೇಳದವರು ಶ್ರುತಿ ಮಾಡ್ತಿದ್ರಾ ನಮ್ಮ ಪಿಯಾನೊಗೆ?" ಎಂದ ಬೀಗ, ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು. "ಈಗ ಎಲ್ಲಿಂದ ತರ್ಲಿ ಇನ್ನೊಬ್ಬರನ್ನ? ಹತ್ತಿರದ ಊರಿಂದ ಬರೋಕೂ ಐದು ಗಂಟೆ ಬೇಕು!"

ವಾದಕಿ ಅವನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. "ಉಳಿದ ಎಪ್ಪತ್ತಾರು ಯಾರು ಮಾಡಿದ್ದು?" ಎಂದು ಮಾವನನ್ನು ಕೇಳಿದರು.

"ನಾನೇ. ಕಿವಿಯಿಂದ."

"ಹಾಗಾದ್ರೆ ಅವನ್ನ ಯಾರೂ ಮುಟ್ಟಬೇಡಿ. ಮೇಲಿನವು ಅವಕ್ಕೆ ಹೊಂದಬೇಕು, ಅಷ್ಟೇ ನನಗೆ ಬೇಕಾಗಿರೋದು. ನಿಮ್ಮ ಕಿವಿ ಸ್ವರಗಳ ನಡುವಿನ ದೂರವನ್ನ ಸ್ವಲ್ಪ ಹಿಗ್ಗಿಸಿದೆ, ಮೇಲೆ ಹೋಗ್ತಾ ಹೋಗ್ತಾ ಇನ್ನೂ ಹೆಚ್ಚು. ಅದೇ ಚೆಂದ. ನಿಮ್ಮ ಯಂತ್ರ ಹಿಗ್ಗಿಸಿಲ್ಲ."

ಮಾವ ಬೆಪ್ಪಾಗಿ ನಿಂತರು. ತಾವು ಹಿಗ್ಗಿಸುತ್ತಿದ್ದ ವಿಷಯ ಅವರಿಗೇ ಗೊತ್ತಿರಲಿಲ್ಲ! ಕಿವಿಗೆ ಸಮಾಧಾನವಾದ ಕಡೆ ಕೈ ನಿಲ್ಲುತ್ತಿತ್ತು. ಆ ಸಮಾಧಾನ ಪುಸ್ತಕದ ಲೆಕ್ಕಕ್ಕಿಂತ ಮೇಲಿದೆ ಎಂದು ಮೂವತ್ತೆಂಟು ವರ್ಷದಲ್ಲಿ ಯಾರೂ ಅಳೆದು ಹೇಳಿರಲಿಲ್ಲ. ಲೆಕ್ಕದಕ್ಕನಾದರೋ ಪುಸ್ತಕದ ಸೊನ್ನೆಯನ್ನೇ ಹಿಡಿದುಕೊಂಡು ಕೂತಿದ್ದಳು.

ಆಗ ಸೊಸೆಗೆ ಥಟ್ಟನೆ ಹೊಳೆಯಿತು. ಹೊಳೆದದ್ದೇ ವೇದಿಕೆಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. "ಮಾವ, ನಡುವಿನಿಂದ ಕೊನೇ ಮನೆವರೆಗೂ ಒಂದೊಂದಾಗಿ ಬಾರಿಸ್ತಾ ಬನ್ನಿ. ನಿಲ್ಲಿಸಬೇಡಿ."

ಮಾವ ಬಾರಿಸಿದರು. ಮೊಬೈಲು ಕೇಳಿಸಿಕೊಂಡಿತು. ಈ ಸಲ ಅವಳು ದನಿಯನ್ನು ಮುಚ್ಚಿಸಿ ಸಂಖ್ಯೆಗಳನ್ನು ಪರದೆಯ ಮೇಲೆ ಸಾಲಾಗಿ ಬರೆಸಿದಳು, ಪಾಯಿಂಟಿನ ಹಿಂದೆ ಒಂದೇ ಅಂಕಿ, ಅಷ್ಟು ಸಾಕು. ನಡುವಿನಲ್ಲಿ ಸೊನ್ನೆ. ಒಂದು ಸ್ಥಾಯಿ ಮೇಲೆ ಎರಡು ಪಾಲು ಹೆಚ್ಚು. ಅದಕ್ಕೂ ಮೇಲೆ ನಾಲ್ಕು, ಆರು, ಒಂಬತ್ತು, ಹದಿಮೂರು. ಒಂದು ಮನೆಯೂ ದಾರಿ ತಪ್ಪಿರಲಿಲ್ಲ. ನುಣುಪಾಗಿ, ಒಂದೇ ಬಾಗಿನಲ್ಲಿ ಏರಿಕೊಂಡು ಹೋಗುತ್ತಿದ್ದವು, ಎಪ್ಪತ್ತಾರನೇ ಮನೆಯವರೆಗೆ. ಅಲ್ಲಿ ಧೊಪ್ಪನೆ ಬಿದ್ದು, ಮುಂದಿನ ಹನ್ನೆರಡೂ ಬರೀ ಸೊನ್ನೆ. ಅವಳ ಕಣ್ಣು ಮಂಜಾಯಿತು. ಯಾವ ಯಂತ್ರವೂ ಹೇಳಿಕೊಡದೆ, ಅಂಕಿಯ ಹಂಗಿಲ್ಲದೆ ಒಬ್ಬ ಮನುಷ್ಯನ ಕಿವಿ ಮಾಡಿದ ಕೆಲಸ ಅದು. ಇಂಥ ಕಿವಿಗೆ ಸೊನ್ನೆ ಎಂದರೆ ಏನು ಎಂದು ತಾನು ಹೇಳಿಕೊಡಲು ಹೋಗಿದ್ದೆನಲ್ಲ ಎಂದು ನಾಚಿದಳು.

"ಈ ಬಾಗನ್ನ ಹಾಗೇ ಮುಂದಕ್ಕೆ ಎಳೀತೀನಿ ಮಾವ. ನಿಮ್ಮ ಕಿವಿ ಎಲ್ಲಿಗೆ ಹೋಗ್ತಿತ್ತೋ ಅಲ್ಲಿಗೇ. ಇನ್ಮೇಲೆ ಅಕ್ಕ ಸೊನ್ನೆ ಅಂದ್ರೆ ಪುಸ್ತಕದ ಸೊನ್ನೆ ಅಲ್ಲ, ನಿಮ್ಮದು."

"ಕೊನೇ ಮನೆಗೆ ಎಷ್ಟು ಬರತ್ತೆ?"

"ಇಪ್ಪತ್ತೆಂಟು ಪಾಲು ಮೇಲೆ."

"ಇಪ್ಪತ್ತೆಂಟಾ! ಅಷ್ಟು ಏರಿಸ್ತಿದ್ನಾ ನಾನು?"

"ಕಳ್ಳರು ನೀವು" ಎಂದಳು ಸೊಸೆ. ಆ ಗಳಿಗೆಯಲ್ಲೂ ಮಾವನಿಗೆ ನಗು ಬಂತು.

ಹನ್ನೆರಡು ಮನೆ, ಮೂವತ್ತಾರು ತಂತಿ. ಮಾವ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಸ್ಪ್ಯಾನರ್ ಹಿಡಿದರು. ಮುಚ್ಚುಮರೆ ಮುಗಿದಿದ್ದರಿಂದ ಇಯರ್‌ಫೋನಿನ ಗೊಡವೆ ಇಲ್ಲ. ಅಕ್ಕನ ದನಿ ಇಡೀ ಭವನಕ್ಕೆ ಕೇಳಿಸುವಂತೆ ಮೊಬೈಲನ್ನು ಪಿಯಾನೊದ ಅಂಚಿಗೇ ಇಟ್ಟರು. "ಮೈನಸ್ ಒಂಬತ್ತು. ಮೈನಸ್ ಎರಡು. ಮೈನಸ್ ಸೊನ್ನೆ." ಬೀಗನಿಗೆ ತಡೆಯಲಾಗಲಿಲ್ಲ. "ಮೈನಸ್ ಸೊನ್ನೆ ಅಂದ್ರೇನ್ರೀ?" ಎಂದ. "ಆಮೇಲೆ ಹೇಳ್ತೀನಿ, ಈಗ ನಿಮ್ಮ ಕೀಲಿಕೈ ಗಲಾಟೆ ನಿಲ್ಲಿಸಿ" ಎಂದರು ಮಾವ. ಬೀಗ ಗೊಂಚಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಉಸಿರು ಬಿಗಿಹಿಡಿದು ಕೂತ.

ಐದು ಗಂಟೆಗೆ ಕೊನೆಯ ತಂತಿ ಕೂತಿತು. ವಾದಕಿ ಬಂದು ಕೂತರು. ಅವರು ಮೇಲಿನ ಮನೆಗಳನ್ನು ಬಿಡಿಬಿಡಿಯಾಗಿ ಮುಟ್ಟಿ ನೋಡಲೇ ಇಲ್ಲ. ನೇರವಾಗಿ ಒಂದು ಕೃತಿಯನ್ನೇ ಶುರು ಮಾಡಿದರು. ಕೈ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯಿತು. ಒಂದು ಮಾತಿಲ್ಲ, ಹುಬ್ಬು ಗಂಟಿಲ್ಲ. ಎರಡು ನಿಮಿಷವಾದರೂ ನಿಲ್ಲಿಸಲಿಲ್ಲ.

"ಏನಂತೆ?" ಎಂದು ಸೊಸೆ ಪಿಸುಗುಟ್ಟಿದಳು.

"ನಿಲ್ಲಿಸ್ತಿಲ್ಲ ಅಲ್ವಾ" ಎಂದರು ಮಾವ. "ಸರಿಯಾಗಿದೆ."

ಬೀಗ ಅವರ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. ಏನೋ ಗದರಬೇಕೆಂದು ಬಂದವನ ಹಾಗಿತ್ತು ಮುಖ. "ಮುಂದಿನ ತಿಂಗಳು ಎಂಟನೇ ತಾರೀಖು ಬನ್ನಿ" ಎಂದ. "ಇಬ್ಬರೂ ಬನ್ನಿ. ಇನ್ಮೇಲೆ ಏನಿದ್ರೂ ನನಗೆ ಮೊದಲೇ ಹೇಳಬೇಕು, ತಿಳೀತಾ? ನನ್ನ ಎದೆ ಗಟ್ಟಿಯಾಗಿಲ್ಲ."

ಹೊರಗಿನ ಮೆಟ್ಟಿಲ ಮೇಲೆ ಮಾವ ಕೂತುಬಿಟ್ಟರು. ಬೀದಿಯಲ್ಲಿ ಸೈಕಲ್ಲುಗಳು, ಶಾಲೆ ಬಿಟ್ಟ ಮಕ್ಕಳು, ಎದುರಿನ ಅಂಗಡಿಯ ಶಟರ್ ಎಳೆಯುವ ಸದ್ದು. "ಎರಡು ವರ್ಷ ಕಣಮ್ಮಾ" ಎಂದರು. "ಆ ಹನ್ನೆರಡು ಮನೆಗೆ ಕಳ್ಳನ ಹಾಗೆ ಹೋಗಿ ಬರ್ತಿದ್ದೆ. 'ಏನ್ರೀ ಇದು' ಅಂತ ಅವನು ಅಂದಾಗ ಜೀವ ಬಾಯಿಗೆ ಬಂತು. ಹೇಳಿದ ಮೇಲೆ ಎಷ್ಟು ಹಗುರ ಆಯ್ತು ಗೊತ್ತಾ!"

"ಅತ್ತೆಗೂ ಹೇಳ್ಬೇಕು ಈಗ."

"ಹೇಳೋಣ. ಅದಕ್ಕೆ ಮಾತ್ರ ನೀನು ಪಕ್ಕದಲ್ಲೇ ನಿಂತಿರು."

ಮನೆಗೆ ಹೋಗೋಣವೇ ಎಂದು ಅವಳು ಕೇಳಿದಳು. ಮಾವ ಬೇಡವೆಂದು ತಲೆಯಾಡಿಸಿದರು. ಈ ಎರಡು ವರ್ಷ ಕೆಲಸ ಮುಗಿದದ್ದೇ ಮನೆಯ ದಾರಿ ಹಿಡಿಯುತ್ತಿದ್ದರು. ಕೇಳಿಸದೇ ಹೋಗುವುದನ್ನು ಎಲ್ಲರ ನಡುವೆ ಕೂತು ಕೇಳುವ ಧೈರ್ಯ ಇರಲಿಲ್ಲ. "ಇವತ್ತು ಕೂತು ಕೇಳೋಣ" ಎಂದರು.

ಬೀಗ ಹಿಂದಿನ ಸಾಲಿನಲ್ಲಿ ಎರಡು ಮಡಿಸುವ ಕುರ್ಚಿ ಹಾಕಿಸಿಕೊಟ್ಟ. ದೀಪಗಳು ಮಂಕಾದವು, ಜನ ಕೆಮ್ಮಿ ಸುಮ್ಮನಾದರು, ಬೂದು ಸ್ವೆಟರಿನ ಬದಲು ಕಪ್ಪು ಉಡುಪಿನಲ್ಲಿ ವಾದಕಿ ಬಂದು ಕೂತರು. ಸಂಗೀತ ನಡುವಿನ ಮನೆಗಳಲ್ಲಿ ಓಡಾಡುತ್ತಿದ್ದಷ್ಟು ಹೊತ್ತು ಮಾವನ ಮುಖ ತಿಳಿಯಾಗಿತ್ತು. ಬಲಗೈ ಮೇಲಕ್ಕೆ ಜಾರಿತು. ಸೊಸೆಗೆ ಸಂಗೀತ ಗೊತ್ತಿಲ್ಲ, ಕೈ ಎಲ್ಲಿಗೆ ಹೋಯಿತು ಎಂಬುದು ಕಾಣುತ್ತಿತ್ತು. ಅವಳು ಮಾವನ ಕೈಯ ಮೇಲೆ ಬೆರಳಿಂದ ಮೆತ್ತಗೆ ತಟ್ಟಿದಳು, ಅಲ್ಲಿ ಒಂದೊಂದು ಸ್ವರ ಬಿದ್ದ ಹಾಗೆ ಇಲ್ಲಿ ಒಂದೊಂದು. ಮಾವ ಬೆಚ್ಚಿದರು. ಆಮೇಲೆ ಅರ್ಥವಾಯಿತು. ಎರಡನೇ ಸಲ ಅವಳು ತಟ್ಟಿದಾಗ ಅವರ ತುಟಿ ಅದುರುತ್ತಿತ್ತು. ಮೂರನೇ ಸಲ ತಲೆಯನ್ನು ಸ್ವಲ್ಪ ಓರೆ ಮಾಡಿ, ಆ ಸ್ವರಗಳನ್ನು ಹಿಂದೆ ಹೇಗೆ ಕೇಳುತ್ತಿದ್ದರೋ ಹಾಗೇ ಕೇಳಿದರು.

ಪ್ರತಿ ಸಲವೂ ಅದೇ ಸ್ವರಗಳ ಸಾಲು ಮರಳಿ ಬರುತ್ತಿತ್ತು. ನಾಲ್ಕನೇ ಸಲ ವಾದಕಿಯ ಕೈ ಮೇಲಕ್ಕೆ ಹೋಗುವ ಮೊದಲೇ ಮಾವ ಸೊಸೆಯ ಬೆರಳನ್ನು ಹಿಡಿದುಕೊಂಡರು. "ಸಾಕು ಕಣಮ್ಮಾ" ಎಂದು ಪಿಸುಗುಟ್ಟಿದರು. "ಈಗ ಬರತ್ತೆ, ನನಗೆ ಗೊತ್ತಾಯ್ತು." ಬಂತು. ಮಾವ ಅವಳ ಬೆರಳಿಂದಲೇ ತಮ್ಮ ಮೊಣಕಾಲಿನ ಮೇಲೆ ತಟ್ಟಿ ತೋರಿಸಿದರು. ಒಂದು ಸ್ವರವೂ ತಪ್ಪಲಿಲ್ಲ.